ಕಾಯಕವೂ ಮನೆವಾರ್ತೆಯೂ

ಮನುಷ್ಯನು ಹೊಟ್ಟೆಗಾಗಿ ದುಡಿಯಬೇಕು. ದುಡಿದು ಮನೆಗೆ ಮರಳಬೇಕು. ಸಂಸಾರಿಯ ದಿನವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿರುವದು. ಆದರೆ ದುಡಿತವು ಮನೆಯನ್ನು ನುಂಗಿಬಿಡುವದೂ, ಮನೆಯ ಮೋಹವು ದುಡಿತವನ್ನು ಕೆಡಿಸುವದೂ ಲೋಕದಲ್ಲಿ ಹೊಸದಲ್ಲ. ಇವೆರಡರ ನಡುವೆ ಸಿಕ್ಕಿ ನರಳಿದವರಿಗೆ ಪೂರ್ವಕಾಲದಲ್ಲಿ ಒಂದೇ ದಾರಿ ತೋರಿಸಲ್ಪಡುತ್ತಿತ್ತು: ಎರಡನ್ನೂ ಬಿಟ್ಟು ಅರಣ್ಯಕ್ಕೆ ಹೋಗುವದು. ಹನ್ನೆರಡನೆಯ ಶತಮಾನದ ಶಿವಶರಣರು ಆ ದಾರಿಯನ್ನು ಹಿಡಿಯಲಿಲ್ಲ. ಮನೆಯಲ್ಲಿದ್ದು, ಕೈಯಾರೆ ದುಡಿದು, ಸತಿಪತಿಗಳು ಕೂಡಿ ಲಿಂಗವನ್ನು ಪೂಜಿಸುವ ಮತ್ತೊಂದು ದಾರಿಯನ್ನು ಅವರು ನಡೆದು ತೋರಿಸಿದರು. ಆ ದಾರಿಯ ಹೆಸರೇ ಕಾಯಕ. ಕಾಯಕದ ಹಿರಿಮೆಯನ್ನು ಇಂದು ಎಲ್ಲರೂ ಕೊಂಡಾಡುವರು. ಆದರೆ ಶರಣರು ಕಾಯಕಕ್ಕೆ ಹಾಕಿಕೊಂಡ ಮಿತಿಯನ್ನು ನೆನೆಯುವವರು ವಿರಳ. ಆ ಮಿತಿಯ ಇತಿಹಾಸವನ್ನು ವಿಚಾರಿಸುವದು ಈ ಲೇಖನದ ಉದ್ದೇಶವಾಗಿರುವದು.

ಕಲಚುರಿ ವಂಶದ ಬಿಜ್ಜಳನು ಮೊದಲು ಚಾಲುಕ್ಯರ ಮಾಂಡಲಿಕನಾಗಿದ್ದು, ಸುಮಾರು ೧೧೬೨ರ ಹೊತ್ತಿಗೆ ಕಲ್ಯಾಣದಲ್ಲಿ ಸ್ವತಂತ್ರನಾಗಿ ಆಳತೊಡಗಿದನು. ೧೧೬೭ರ ಸುಮಾರಿಗೆ ಅವನ ಆಳಿಕೆ ಮುಗಿಯಿತು. ಈ ಅಲ್ಪಾವಧಿಯಲ್ಲಿ ಕಲ್ಯಾಣವು ಕಂಡ ಕ್ರಾಂತಿಯು ಕನ್ನಡನಾಡಿನ ಚರಿತ್ರೆಯಲ್ಲಿ ಅಪೂರ್ವವಾದುದು. ಅಲ್ಲಿ ನೆರೆದ ಶರಣರ ಹೆಸರುಗಳನ್ನು ಒಮ್ಮೆ ಓದಿದರೂ ಸಾಕು, ಅವರು ಎಂಥ ಜನರೆಂಬುದು ಗೊತ್ತಾಗುವದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ, ಒಕ್ಕಲಿಗ ಮುದ್ದಣ್ಣ—ಇವರೆಲ್ಲರೂ ತಮ್ಮ ಕಸುಬಿನ ಹೆಸರಿನಿಂದಲೇ ಪ್ರಸಿದ್ಧರಾದವರು. ಹೆಂಗಸರೂ ಹಿಂದುಳಿಯಲಿಲ್ಲ. ಕದಿರೆ ರೆಮ್ಮವ್ವೆಯು ನೂಲುವವಳು. ಕೊಟ್ಟಣದ ಸೋಮಮ್ಮನು ಭತ್ತ ಕುಟ್ಟುವವಳು. ಹಡಪದ ಅಪ್ಪಣ್ಣನ ಸತಿ ಲಿಂಗಮ್ಮನು ನೂರಕ್ಕೆ ಮಿಕ್ಕಿ ವಚನಗಳನ್ನು ಬಿಟ್ಟುಹೋಗಿರುವಳು. ಕಸುಬು ಬೇರೆ, ಮನೆ ಬೇರೆ, ಧರ್ಮ ಬೇರೆ ಎಂಬ ಮೂರು ಗೋಡೆಗಳು ಈ ಜನರ ಬಾಳಿನಲ್ಲಿ ಇರಲಿಲ್ಲ. ಗೋಡೆಗಳಿಲ್ಲದಿದ್ದರೂ ಮೇರೆಗಳಿದ್ದವು. ಆ ಮೇರೆಗಳು ಎಲ್ಲಿದ್ದವೆಂಬುದನ್ನು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವು ಎಲ್ಲಕ್ಕಿಂತ ಸ್ಪಷ್ಟವಾಗಿ ತಿಳಿಸುವದು.

ಈ ದಂಪತಿಗಳು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು. ಕಲ್ಯಾಣಕ್ಕೆ ಬಂದು ನೆಲೆಸಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದನ್ನೇ ಮಾರಯ್ಯನು ಕಾಯಕವಾಗಿ ಕೈಕೊಂಡನು. ಆಯ್ದುತಂದ ಅಕ್ಕಿಯಿಂದ ಲಕ್ಕಮ್ಮನು ಅಡಿಗೆ ಮಾಡಿ ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವಾಗಿ ಇಬ್ಬರೂ ಸ್ವೀಕರಿಸುತ್ತಿದ್ದರು. ಕಲ್ಯಾಣದಲ್ಲಿ ಇದಕ್ಕಿಂತ ಕಿರಿದಾದ ಉದ್ಯೋಗ ಬೇರೊಂದಿರಲಾರದು. ಆದರೂ ಹದಿನೈದು ಹದಿನಾರನೆಯ ಶತಮಾನಗಳ ಶೂನ್ಯಸಂಪಾದನಕಾರರು ಈ ಬಡ ದಂಪತಿಗಳ ಪ್ರಸಂಗಕ್ಕೆ ಪ್ರಭುದೇವರ ಚರಿತ್ರೆಯಲ್ಲಿ ಸ್ಥಾನ ಕೊಟ್ಟರು. ಅಲ್ಲಿ ಎರಡು ಸಂದರ್ಭಗಳು ಬರುವವು. ಎರಡನ್ನೂ ಕೂಡಿಸಿ ನೋಡಿದರೇ ಅರ್ಥವು ಪೂರ್ಣವಾಗುವದು.

ಮೊದಲನೆಯದು ಹೀಗಿದೆ. ಒಂದು ದಿನ ಮಾರಯ್ಯನು ಅಲ್ಲಮಪ್ರಭುವಿನೊಡನೆ ತತ್ತ್ವವಿಚಾರದಲ್ಲಿ ತೊಡಗಿ ಮೈಮರೆತನು. ಹೊತ್ತು ಏರಿತು; ಅಕ್ಕಿಯನ್ನಾಯುವ ವೇಳೆ ಮೀರುತ್ತ ಬಂದಿತು. ಲಕ್ಕಮ್ಮನು ಅಲ್ಲಿಗೆ ಬಂದು, ಕಾಯಕವು ನಿಂತಿತೆಂದೂ ಬೇಗನೆ ಹೊರಡಬೇಕೆಂದೂ ಪತಿಯನ್ನು ಎಚ್ಚರಿಸಿದಳು. ಅವನು ಕುಳಿತದ್ದು ಹರಟೆಯ ಕಟ್ಟೆಯ ಮೇಲಲ್ಲ; ಶೂನ್ಯಸಿಂಹಾಸನಾಧೀಶನಾದ ಪ್ರಭುವಿನ ಸನ್ನಿಧಿಯಲ್ಲಿ. ಆದರೂ ಆ ಕಾರಣಕ್ಕಾಗಿ ದಿನದ ದುಡಿಮೆಯು ತಪ್ಪಬಾರದೆಂಬುದು ಆ ಗೃಹಿಣಿಯ ನಿಲುವಾಗಿತ್ತು.

ಎರಡನೆಯದು ಇದರ ಬೆನ್ನಿಗೇ ಬರುವದು. ಎಚ್ಚರಗೊಂಡ ಮಾರಯ್ಯನು ಅವಸರದಿಂದ ಹೋಗಿ ಅಕ್ಕಿಯನ್ನು ಆಯ್ದು ತಂದನು. ಆ ದಿನ ಅವನ ಉಡಿಯಲ್ಲಿ ವಾಡಿಕೆಗಿಂತ ಹೆಚ್ಚು ಅಕ್ಕಿ ಇತ್ತು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಕಥೆ ಹೇಳುವದು. ಬಡವನ ಮನೆಗೆ ಎರಡು ಹಿಡಿ ಅಕ್ಕಿ ಹೆಚ್ಚಾಗಿ ಬಂದರೆ ಯಾವ ಹೆಂಡತಿ ಬೇಡವೆನ್ನುವಳು? ಲಕ್ಕಮ್ಮನು ಬೇಡವೆಂದಳು. ಈ ಹೆಚ್ಚಿಗೆಯು ಪತಿಯ ಮನದಲ್ಲಿ ಮೂಡಿದ ಬಯಕೆಯೋ, ಕೊಟ್ಟವರ ಮನದಲ್ಲಿ ಹುಟ್ಟಿದ ಶಂಕೆಯೋ ಎಂದು ವಿಚಾರಿಸಿ, ನಿತ್ಯದ ಅಳತೆಯಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಆಯ್ದ ಜಾಗದಲ್ಲಿಯೇ ಸುರಿದುಬರುವಂತೆ ಹೇಳಿ ಕಳುಹಿದಳು. ಮಾರಯ್ಯನು ಮರುಮಾತಾಡದೆ ಹೋಗಿ ಸುರಿದುಬಂದನು.

ದುಡಿಮೆಯು ಕಡಿಮೆಯಾದಾಗ ಹೋಗೆಂದವಳೂ, ದುಡಿಮೆಯು ಹೆಚ್ಚಾದಾಗ ಸಾಕೆಂದವಳೂ ಒಬ್ಬಳೇ. ಸೋಮಾರಿತನವು ಹೇಗೆ ಕಾಯಕಕ್ಕೆ ಕೊರತೆಯೋ, ಅತಿಯಾದ ಗಳಿಕೆಯೂ ಹಾಗೆಯೇ ಕಾಯಕಕ್ಕೆ ಕೊರತೆಯೆಂಬುದು ಅವಳ ನಡೆಯ ತಾತ್ಪರ್ಯವು. ಇನ್ನೊಂದು ವಿಷಯವನ್ನೂ ಇಲ್ಲಿ ಲಕ್ಷಿಸತಕ್ಕದ್ದು. ಕಾಯಕವನ್ನು ಕೈಲಾಸಕ್ಕೆ ಸಮಮಾಡಿ ಹೇಳಿದ, ಮನೆಮನೆಯ ಬಾಗಿಲ ಮೇಲೆ ಇಂದು ಬರೆಯಲ್ಪಡುವ ಪ್ರಸಿದ್ಧ ಮಾತು ಬಂದಿರುವದು ಇದೇ ಮಾರಯ್ಯನ ವಚನದಿಂದ. ಕಾಯಕದಲ್ಲಿ ತೊಡಗಿದವನು ಮಿಕ್ಕೆಲ್ಲವನ್ನೂ ಮರೆಯಬೇಕೆಂಬ ತೀವ್ರತೆ ಆ ವಚನದಲ್ಲಿದೆ. ಅದನ್ನು ಮಾತ್ರ ಹಿಡಿದುಕೊಂಡು, ಹಗಲಿರುಳೆನ್ನದೆ ದುಡಿಯುವದೇ ಶರಣಧರ್ಮವೆಂದು ಸಾರುವವರುಂಟು. ಆಳುಗಳಿಂದ ಅಧಿಕ ದುಡಿತವನ್ನು ಪಡೆಯಬೇಕೆಂಬವರಿಗೂ ಆ ಮಾತು ಅನುಕೂಲವಾಗಿ ಒದಗುವದುಂಟು. ಆದರೆ ಆ ವಚನವನ್ನು ಹೇಳಿದವನ ಉಡಿಯಿಂದ ಹೆಚ್ಚಿನ ಅಕ್ಕಿಯನ್ನು ತಿರುಗಿ ಸುರಿಸಿದವಳು ಅವನ ಮನೆಯಲ್ಲಿಯೇ ಇದ್ದಳು. ಮಾರಯ್ಯನ ಮಾತನ್ನು ಲಕ್ಕಮ್ಮನ ಅಳತೆಯಿಂದ ಬೇರ್ಪಡಿಸಿ ಓದುವದು ಅರ್ಧವನ್ನು ಮಾತ್ರ ಓದಿದಂತೆಯೇ ಸರಿ.

ನುಲಿಯ ಚಂದಯ್ಯನ ಕಥೆಯು ಇದೇ ನ್ಯಾಯವನ್ನು ಇನ್ನೊಂದು ಮಗ್ಗುಲಿನಿಂದ ತೋರಿಸುವದು. ವಿಜಾಪುರ ಸೀಮೆಯ ಶಿವಣಗಿಯವನೆಂದು ಹೇಳಲಾಗುವ ಈ ಶರಣನು ಹುಲ್ಲನ್ನು ಕೊಯ್ದು, ನುಲಿ ಹೊಸೆದು, ಹಗ್ಗವನ್ನು ಮಾರಿ ಬಂದುದರಿಂದ ಜಂಗಮದಾಸೋಹವನ್ನು ನಡೆಯಿಸುತ್ತಿದ್ದನು. ಒಂದು ದಿನ ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಕಾಯಕದ ಭರದಲ್ಲಿದ್ದ ಚಂದಯ್ಯನು ಅದನ್ನು ಲೆಕ್ಕಿಸದೆ ಹುಲ್ಲಿನ ಹೊರೆಯನ್ನು ಹೊತ್ತು ಹೊರಟನು. ಲಿಂಗವೇ ಅವನ ಬೆನ್ನು ಹತ್ತಿ ಬಂದು ಸ್ವೀಕರಿಸೆಂದು ಬೇಡಿಕೊಂಡರೂ ಅವನು ಒಪ್ಪಲೊಲ್ಲನು. ಕೊನೆಗೆ ಮಡಿವಾಳ ಮಾಚಯ್ಯ ಮೊದಲಾದ ಶರಣರು ನಡುವೆ ಬಂದು, ವಾದ ನಡೆದು, ಚಂದಯ್ಯನು ಲಿಂಗವನ್ನು ಮರಳಿ ಅಂಗೀಕರಿಸಿದನು. ಕಾಯಕನಿಷ್ಠೆಯ ಪರಾಕಾಷ್ಠೆಗೆ ದೃಷ್ಟಾಂತವಾಗಿ ಈ ಕಥೆಯ ಮೊದಲರ್ಧವನ್ನು ಎಲ್ಲರೂ ಹೇಳುವರು. ಆದರೆ ಕಥೆಯು ಅಲ್ಲಿಗೆ ನಿಂತಿಲ್ಲ. ಯಾವುದಕ್ಕಾಗಿ ಕಾಯಕವೋ ಅದನ್ನೇ ಕೆರೆಯಲ್ಲಿ ಬಿಟ್ಟು ಕಾಯಕವು ಮುಂದೆ ಹೋಗಲಾರದೆಂಬುದು ಶರಣಸಮೂಹದ ತೀರ್ಪು. ಇದೇ ಚಂದಯ್ಯನು ತನ್ನ ಹಗ್ಗಕ್ಕೆ ಬಸವಣ್ಣನವರು ನಿಜವಾದ ಬೆಲೆಗಿಂತ ಹೆಚ್ಚು ಹೊನ್ನನ್ನು ಕೊಟ್ಟಾಗ ಅದನ್ನು ಒಪ್ಪಲಿಲ್ಲ. ಲಕ್ಕಮ್ಮನ ಅಕ್ಕಿಗೂ ಚಂದಯ್ಯನ ಹೊನ್ನಿಗೂ ಒಂದೇ ಅಳತೆ.

ಹೊಟ್ಟೆಪಾಡಿನ ದುಡಿತಕ್ಕೆ ಮಿತಿಯಿರಲಿ, ಲೋಕೋಪಕಾರದ ದುಡಿತಕ್ಕೂ ಮಿತಿಯುಂಟೇ ಎಂಬ ಪ್ರಶ್ನೆಯು ಸಹಜವಾಗಿ ಏಳುವದು. ಮಠಮಾನ್ಯಗಳ ಕಾರ್ಯಕ್ಕೆ ಕಂಕಣಬದ್ಧರಾದ ಭಕ್ತರಿಗೆ ಈ ಪ್ರಶ್ನೆಯು ಹತ್ತಿರದ್ದು. ಇದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯಲ್ಲಿ ಉತ್ತರವಿರುವದು. ಇಂದಿನ ಸೊಲ್ಲಾಪುರದಲ್ಲಿ ದೇವಾಲಯವನ್ನು ಕಟ್ಟಿಸಿ, ಕೆರೆಯನ್ನು ತೋಡಿಸಿ, ಸಹಸ್ರಾರು ಜನರನ್ನು ಆ ಪುಣ್ಯಕಾರ್ಯಕ್ಕೆ ಕೂಡಿಸಿದ ಮಹಾಪುರುಷರು ಅವರು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಈ ಮಹಾಕಾರ್ಯವನ್ನು ಕಂಡು ಹೊಗಳಲಿಲ್ಲ. ಕೆರೆ ತೋಡುವ ಒಡ್ಡರ ರಾಮನೆಲ್ಲಿ ಎಂದು ಕೇಳಿ ಕೆಣಕಿದರೆಂದು ಪರಂಪರೆ ಹೇಳುವದು. ಕೆರೆಯು ಬೇಡವೆಂಬುದು ಪ್ರಭುಗಳ ಅಭಿಪ್ರಾಯವಲ್ಲ; ಹೊರಗಿನ ಕೆರೆಯನ್ನು ತೋಡುವ ಗದ್ದಲದಲ್ಲಿ ಒಳಗಿನ ಕೆರೆಯು ಬತ್ತಬಾರದೆಂಬುದೇ ಅವರ ಅಭಿಪ್ರಾಯ. ಸಿದ್ಧರಾಮರು ಮೊದಲು ಕೋಪಗೊಂಡರು, ಆಮೇಲೆ ತಿಳಿದರು. ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರು. ಅವರು ತೋಡಿಸಿದ ಕೆರೆಯು ಈಗಲೂ ಸೊಲ್ಲಾಪುರದಲ್ಲಿದೆ. ಅದರ ನಡುವೆ ಅವರ ಗುಡಿಯೂ ಇದೆ. ಕಾರ್ಯವು ಉಳಿಯಿತು, ಕರ್ತನೂ ಉಳಿದನು.

ಇವರೆಲ್ಲರಿಗಿಂತ ಕಠಿಣವಾದ ಪರಿಸ್ಥಿತಿಯಲ್ಲಿದ್ದವರು ಬಸವಣ್ಣನವರು. ಅಕ್ಕಿಯನ್ನಾಯುವವನಿಗೆ ತನ್ನ ವೇಳೆಯು ತನ್ನ ಕೈಯಲ್ಲಿರುವದು. ಅರಸನ ಭಂಡಾರಿಗೆ ಹಾಗಲ್ಲ. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಮಂಗಳವಾಡದಲ್ಲಿ ಕರಣಿಕರಾಗಿ ಸೇರಿ, ಬಿಜ್ಜಳನ ಭಂಡಾರದ ಅಧಿಕಾರಕ್ಕೆ ಏರಿದ ಅವರ ಬಾಳಿನಲ್ಲಿ ರಾಜಕಾರ್ಯವೂ, ಗಂಗಾಂಬಿಕೆ ನೀಲಾಂಬಿಕೆಯರ ಗೃಹಜೀವನವೂ, ಮಹಾಮನೆಯ ದಾಸೋಹವೂ, ಅನುಭವಗೋಷ್ಠಿಯೂ ಏಕಕಾಲಕ್ಕೆ ನಡೆಯಬೇಕಾಗಿದ್ದವು. ಭವಿಯಾದ ಅರಸನನ್ನು ಓಲೈಸುತ್ತಾನೆಂದು ಆಡಿಕೊಂಡವರೂ ಇದ್ದರು. ತಾನು ಮಾಡುವ ಸೇವೆಯು ತನ್ನ ಒಡಲಿಗಾಗಿ ಅಲ್ಲ, ಜಂಗಮದಾಸೋಹಕ್ಕಾಗಿ ಎಂದು ಅವರು ವಚನದಲ್ಲಿಯೇ ಉತ್ತರ ಕೊಟ್ಟಿರುವರು. ಗಂಗಾಂಬಿಕೆಯೂ ನೀಲಾಂಬಿಕೆಯೂ ಸ್ವತಃ ವಚನಕಾರ್ತಿಯರು. ಅಕ್ಕ ನಾಗಮ್ಮನು ಆ ಮನೆಯಲ್ಲಿಯೇ ಇದ್ದ ಶರಣೆ. ಅವಳ ಮಗನಾದ ಚೆನ್ನಬಸವಣ್ಣನು ಆ ಮನೆಯಲ್ಲಿಯೇ ಬೆಳೆದ ಜ್ಞಾನಿ. ಅರಮನೆಯ ಅಧಿಕಾರವು ಆ ಮನೆಯನ್ನು ಬರಿದು ಮಾಡಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಅಧಿಕಾರವನ್ನು ಬಿಡುವ ಕಾಲ ಬಂದಾಗ ಅವರು ಕಲ್ಯಾಣವನ್ನು ತೊರೆದು ಸಂಗಮಕ್ಕೆ ಮರಳಿದರು. ಹುಕ್ಕೇರಿ ತಾಲೂಕಿನ ಅರ್ಜುನವಾಡದ ೧೨೬೦ರ ಶಿಲಾಶಾಸನವು ಬಸವಣ್ಣನವರನ್ನು ಸ್ಮರಿಸುವದು. ಒಂದು ಶತಮಾನವು ಕಳೆಯುವದರೊಳಗೆ ಕಲ್ಲಿನಲ್ಲಿ ಮೂಡಿದ ಆ ಹೆಸರು ಭಂಡಾರದ ಲೆಕ್ಕಕ್ಕಾಗಿ ಉಳಿದುದಲ್ಲ, ಭಕ್ತಿಗಾಗಿ ಉಳಿದುದು.

ಶರಣರ ಕಾಲದಲ್ಲಿ ಮಿತಿಯನ್ನು ಹಾಕುವವನು ದುಡಿಯುವವನೇ ಆಗಿದ್ದನು. ಇಲ್ಲವೆ ಲಕ್ಕಮ್ಮನಂತೆ ಅವನ ಮನೆಯವಳಾಗಿದ್ದಳು. ಏಳುನೂರು ವರ್ಷಗಳ ತರುವಾಯ ಈ ದೇಶಕ್ಕೆ ಗಿರಣಿಗಳು ಬಂದವು. ದುಡಿತದ ಅಳತೆಯು ದುಡಿಯುವವನ ಕೈತಪ್ಪಿ ಯಂತ್ರದ ಕೈಗೆ ಹೋಯಿತು. ಮುಂಬಯಿಯ ಅರಳೆಯ ಗಿರಣಿಗಳಲ್ಲಿ ಮೊದಮೊದಲು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಕೆಲಸ ನಡೆಯುತ್ತಿತ್ತು. ವಿದ್ಯುದ್ದೀಪಗಳು ಬಂದ ಮೇಲೆ ಸೂರ್ಯಾಸ್ತದ ಮೇರೆಯೂ ಹೋಯಿತು. ೧೯೦೫ರ ಸುಮಾರಿಗೆ ಕೆಲವು ಗಿರಣಿಗಳು ದಿನಕ್ಕೆ ೧೪-೧೫ ತಾಸು ನಡೆಯುತ್ತಿದ್ದವು. ತಂದೆಯು ಮಕ್ಕಳು ಏಳುವ ಮುಂಚೆ ಹೊರಟು ಮಕ್ಕಳು ಮಲಗಿದ ಮೇಲೆ ಬರುವ ಮನೆಯಲ್ಲಿ ಯಾವ ಲಕ್ಕಮ್ಮನು ಏನು ಹೇಳಬಲ್ಲಳು?

ಆಗ ಕಾನೂನು ಲಕ್ಕಮ್ಮನ ಕೆಲಸವನ್ನು ಮಾಡಬೇಕಾಯಿತು. ಅದನ್ನು ಬಹಳ ನಿಧಾನವಾಗಿ ಮಾಡಿತು. ಭಾರತದ ಮೊದಲ ಕಾರ್ಖಾನೆಯ ಕಾನೂನು ೧೮೮೧ರಲ್ಲಿ ಆಯಿತು. ಅದು ಏಳು ವರ್ಷದಿಂದ ಹನ್ನೆರಡು ವರ್ಷದ ವರೆಗಿನ ಮಕ್ಕಳ ದುಡಿತಕ್ಕೆ ದಿನಕ್ಕೆ ೯ ತಾಸಿನ ಮಿತಿ ಹಾಕಿತೇ ಹೊರತು ಪ್ರೌಢರಿಗೆ ಯಾವ ಮಿತಿಯನ್ನೂ ಹಾಕಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಲ್ಲಿ ಮುಂಬಯಿಯ ಗಿರಣಿಗಾರರ ಸಭೆಯನ್ನು ಕೂಡಿಸಿ ವಾರಕ್ಕೊಂದು ದಿನ ವಿಶ್ರಾಂತಿ ಬೇಕೆಂದು ಬೇಡಿದರು. ಮಾಲೀಕರು ರವಿವಾರದ ರಜೆಗೆ ಒಪ್ಪಿದುದು ೧೮೯೦ರಲ್ಲಿ. ೧೮೯೧ರ ಕಾನೂನು ವಾರದ ರಜೆಯನ್ನೂ ಹೆಂಗಸರಿಗೆ ೧೧ ತಾಸಿನ ಮಿತಿಯನ್ನೂ ನಿಯಮಿಸಿತು. ಬಟ್ಟೆಯ ಗಿರಣಿಗಳ ಗಂಡಸರಿಗೆ ೧೨ ತಾಸಿನ ಮಿತಿ ಬಂದುದು ೧೯೧೧ರಲ್ಲಿ. ೧೯೨೨ರಲ್ಲಿ ದಿನಕ್ಕೆ ೧೧ ವಾರಕ್ಕೆ ೬೦ ತಾಸು, ೧೯೩೪ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ದಿನಕ್ಕೆ ೧೦ ವಾರಕ್ಕೆ ೫೪ ತಾಸು, ೧೯೪೮ರ ಕಾನೂನಿನಲ್ಲಿ ದಿನಕ್ಕೆ ೯ ವಾರಕ್ಕೆ ೪೮ ತಾಸು—ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಳತೆಯು ಇಳಿಯುತ್ತ ಬಂದಿತು. ಮೊದಲ ಕಾನೂನಿನಿಂದ ಈ ಮೆಟ್ಟಿಲಿಗೆ ಬರಲು ೬೭ ವರ್ಷಗಳು ಬೇಕಾದವು. ಒಬ್ಬ ಗೃಹಿಣಿಯು ಒಂದು ಮಾತಿನಲ್ಲಿ ತೀರಿಸಿದ ನ್ಯಾಯಕ್ಕೆ ಎರಡು ಮೂರು ತಲೆಮಾರುಗಳ ಬೆವರು ಖರ್ಚಾಯಿತು.

ಆದರೆ ಕಾನೂನು ತಾಸುಗಳನ್ನು ಬಿಡಿಸಿಕೊಡಬಲ್ಲದು. ಬಿಡುವಾದ ತಾಸುಗಳನ್ನು ತುಂಬಲಾರದು. ಅದನ್ನು ಮನುಷ್ಯನೇ ತುಂಬಿಕೊಳ್ಳಬೇಕು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿಯನ್ನು ನಡೆಯಿಸುತ್ತ, ಅದರಿಂದ ಉಳಿದ ವೇಳೆಯನ್ನು ಊರೂರಿನ ಮಠಮನೆಗಳಲ್ಲಿದ್ದ ತಾಡವೋಲೆಗಳ ಶೋಧನಕ್ಕೆ ಮುಡಿಪಾಗಿಟ್ಟರು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಿದ್ದಿತು. ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವೂ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯೂ ಆರಂಭವಾದವು. ಬಿಡುವಿನ ವೇಳೆಯನ್ನು ಬಾಳಿನ ತಿರುಳನ್ನಾಗಿ ಮಾಡಿಕೊಂಡುದಕ್ಕೆ ಇದಕ್ಕಿಂತ ಉಜ್ವಲವಾದ ನಿದರ್ಶನವು ಈ ಕಾಲದಲ್ಲಿ ದೊರೆಯದು. ಆದರೆ ಚರಿತ್ರೆಯು ಇನ್ನೊಂದನ್ನೂ ಮರೆಯಬಾರದು. ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ಅವರ ಉತ್ತರಾರ್ಧವು ಬಡತನದಲ್ಲಿ ಕಳೆಯಿತು. ೧೯೬೪ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಬೇಡಿದ್ದೇನೂ ಇಲ್ಲ. ಅವರ ತ್ಯಾಗವು ವಂದ್ಯವೇ. ಆದರೆ ಮನೆಯನ್ನು ಮಾರಿದವರು ಒಬ್ಬರಾದರೂ, ಮನೆ ಹೋದುದು ಮನೆಯವರೆಲ್ಲರದು. ವಚನವಾಙ್ಮಯವನ್ನು ಓದುವವರು ಹಳಕಟ್ಟಿಯವರಿಗೆ ಕೈಮುಗಿಯುವಾಗ, ಆ ಹೊರೆಯಲ್ಲಿ ಪಾಲುಗೊಂಡ ಕುಟುಂಬಕ್ಕೂ ಕೈಮುಗಿಯುವದು ಉಚಿತ. ಮಹಾಪುರುಷರು ಅಳತೆಯನ್ನು ಮೀರಿದಾಗ ಲೋಕಕ್ಕೆ ಲಾಭವಾಗುವದು ನಿಜ. ಆದರೆ ಆ ಅಳತೆಯ ಬೆಲೆಯನ್ನು ಯಾರೋ ಒಬ್ಬರು ತೆತ್ತೇ ತೆರುವರು.

ಸಾಮಾನ್ಯ ಸಂಸಾರಿಗೆ ಇಂಥ ಮಹಾಕಾರ್ಯದ ಕರೆ ಬರುವದು ಅಪರೂಪ. ಅವನು ಅಳತೆಯನ್ನು ಮೀರುವದು ಪದವಿಗಾಗಿ, ಹಣಕ್ಕಾಗಿ, ನೆರೆಯವನಿಗಿಂತ ಮುಂದೆ ಹೋಗುವ ಹಟಕ್ಕಾಗಿ. ಹಿಂದೆ ಗಿರಣಿಯ ಸಿಳ್ಳಾದರೂ ಕೆಲಸ ಮುಗಿಯಿತೆಂದು ಕೂಗುತ್ತಿತ್ತು. ಇಂದು ಕಚೇರಿಯು ಕೈಯಲ್ಲಿರುವ ದೂರವಾಣಿಯೊಳಗೆ ಕುಳಿತು ಮನೆಗೇ ಬಂದಿರುವದು. ಊಟದ ಎಡೆಯ ಮುಂದೆಯೂ, ಪೂಜೆಯ ಜಗಲಿಯ ಹತ್ತಿರವೂ ಅದರ ಕರೆಗಂಟೆ ಬಾರಿಸುವದು. ಮಕ್ಕಳು ಮಾತಾಡಿಸಿದರೆ ಆಮೇಲೆ ಎನ್ನುವ ತಂದೆ, ಮುಪ್ಪಿನ ತಾಯಿಯ ಪಕ್ಕದಲ್ಲಿ ಕುಳಿತರೂ ಕಣ್ಣನ್ನು ಬೇರೆಲ್ಲೋ ಇಟ್ಟ ಮಗ, ನಿದ್ದೆಗೆಟ್ಟು ದೇಹವನ್ನು ರೋಗಕ್ಕೆ ಒಪ್ಪಿಸಿದ ಅಧಿಕಾರಿ—ಇವರೆಲ್ಲರೂ ಮಾರಯ್ಯನ ವಚನವನ್ನು ಬಾಯಲ್ಲಿ ಹೇಳಬಲ್ಲರು. ಆದರೆ ಅವರ ಉಡಿಯಲ್ಲಿರುವದು ಹೆಚ್ಚಿನ ಅಕ್ಕಿ.

ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ಕಾಯವನ್ನು ಕೆಡಿಸುವ ದುಡಿತಕ್ಕೆ ಆ ಹೆಸರು ಸಲ್ಲದು. ದಾಸೋಹಕ್ಕೂ ಮನೆಯವರಿಗೂ ಏನನ್ನೂ ಉಳಿಸದ ಗಳಿಕೆಗೂ ಅದು ಸಲ್ಲದು. ದುಡಿಯುವಾಗ ಮನಸ್ಸಿಟ್ಟು ದುಡಿಯುವದು, ದಿನದ ಅಳತೆ ತುಂಬಿದ ಮೇಲೆ ನಿಲ್ಲುವದು, ನಿಂತ ಮೇಲೆ ಮನೆಗೂ ಲಿಂಗಕ್ಕೂ ಪೂರ್ಣವಾಗಿ ಒದಗುವದು—ಇಷ್ಟೇ ಶರಣರು ನಡೆದು ತೋರಿಸಿದ ಕ್ರಮವು. ಅದು ಸುಲಭವಲ್ಲ, ಮಾರಯ್ಯನಂಥ ಶರಣನಿಗೂ ಎರಡು ಸಲ ಹೇಳಿಸಿಕೊಳ್ಳಬೇಕಾಯಿತು. ಆದರೆ ಹೇಳುವವರು ಆ ಮನೆಯಲ್ಲಿದ್ದರು, ಕೇಳುವ ಮನಸ್ಸು ಅವನಲ್ಲಿತ್ತು. ಪ್ರತಿಯೊಂದು ಭಕ್ತಗೃಹದಲ್ಲಿಯೂ ಹೋಗೆಂದು ಎಚ್ಚರಿಸುವ ಒಂದು ಬಾಯಿಯೂ, ಸಾಕೆಂದು ತಡೆಯುವ ಒಂದು ಕೈಯೂ ಇರಲಿ. ಮಿಕ್ಕ ಅಕ್ಕಿಯನ್ನು ಮರುಮಾತಿಲ್ಲದೆ ಸುರಿದುಬರುವ ಧೈರ್ಯವು ದುಡಿಯುವವನಿಗೆ ಲಭಿಸಲಿ.